ಬೆನ್ನಿನ ನೀರು ಯಾರದು

ಕೂಡ್ಲಿಗಿ ಸಂತೆಯ ಕುರಿ ಬಯಲಿನಲ್ಲಿ ಗಂಡಸರ ಸರಿಸಮ ನಿಂತು ದಲ್ಲಾಳಿ ಮಾಡುತ್ತಿದ್ದ ಹೆಂಗಸೆಂದರೆ ಬೋರನಗುಡ್ಡದ ಭರಮಮ್ಮ ಒಬ್ಬಳೇ. ವಯಸ್ಸು ಅರವತ್ತರ ಆಸುಪಾಸು. ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೊಂದು ಹಳೆಯ ಟವೆಲು ಸುತ್ತಿಕೊಂಡು, ಟಗರಿನ ದವಡೆ ಹಿಡಿದು ಬಾಯಿ ಬಿಡಿಸಿದಳೆಂದರೆ ಕೊಳ್ಳುವವನೂ ಮಾರುವವನೂ ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಹಲ್ಲು ನೋಡಿ ವಯಸ್ಸು, ಬೆನ್ನು ಒತ್ತಿ ತೂಕ, ಕಣ್ಣಿನ ಒಳಗೆಂಪು ನೋಡಿ ರೋಗ ಹೇಳುವುದು ಸಂತೆಗೆ ಬರುವ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಭರಮಮ್ಮನ ಹೆಚ್ಚುಗಾರಿಕೆ ಅದಲ್ಲ. ಯಾರ ಕುರಿ ಯಾರಿಗೆ ಹೋಯಿತು, ಯಾವ ಮಾತಿಗೆ ಒಪ್ಪಿ ಹೋಯಿತು ಎಂಬುದನ್ನು ಅವಳು ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಎಲ್ಲವೂ ತಲೆಯಲ್ಲಿ. ಹಡಗಲಿ ಕಡೆಯವರಿಗೂ ಹರಪನಹಳ್ಳಿ ಕಡೆಯವರಿಗೂ ಜಗಳ ಬಂದರೆ, "ಭರಮಮ್ಮನ್ನ ಕೇಳ್ರಿ" ಎನ್ನುತ್ತಿದ್ದರು. ಅವಳು ಹೇಳಿದ ಮೇಲೆ ಜಗಳ ಮುಗಿಯುತ್ತಿತ್ತು.

ಅಂಥವಳು ಒಂದು ಸಂತೆಯಲ್ಲಿ ಹುಲುಗಣ್ಣನ ಮುಂದೆ ನಿಂತು, "ನಿನ್ನ ಕೂಡ ನಾನು ಮಾತೇ ಆಡಿಲ್ಲ" ಎಂದುಬಿಟ್ಟಳು. ಹುಲುಗಣ್ಣ ಅವಳ ಹಳೆಯ ಗಿರಾಕಿ, ಕೊಟ್ಟೂರಿನಲ್ಲಿ ಮಟನ್ ಅಂಗಡಿ ಇಟ್ಟವನು. ಹಿಂದಿನ ಸಂತೆಯಲ್ಲಿ ಒಂದು ಜೊತೆ ಟಗರಿಗೆ ಅವಳೇ ಕೈಮೇಲೆ ಕೈ ಹಾಕಿಸಿದ್ದಳು. ಸುತ್ತಲಿನವರು ಸಾಕ್ಷಿ ಹೇಳಿದರು. ಭರಮಮ್ಮ ನಕ್ಕು, "ಹೌದಲ್ಲೋ, ತಲಿ ಎಲ್ಲಿಟ್ಟಿದ್ದೆನೊ" ಎಂದು ತೇಲಿಸಿದಳು. ಆದರೆ ಅವರೆಲ್ಲ ಹೇಳಿದ ಮೇಲೂ ಆ ಟಗರುಗಳು ಅವಳಿಗೆ ನೆನಪಾಗಲಿಲ್ಲ. ಅದಾದ ಕೆಲವು ದಿನಕ್ಕೆ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ, ತನ್ನ ಊರಿನ ಬಸ್ಸು ಎದುರಿಗೇ ನಿಂತಿದ್ದರೂ, ಹತ್ತಬೇಕಾದದ್ದು ಅದೋ ಅಲ್ಲವೋ ತಿಳಿಯದೆ ಕಲ್ಲುಬೆಂಚಿನ ಮೇಲೆ ಕೂತೇ ಇದ್ದಳು.

ಮನೆಯಲ್ಲಿ ಹೇಳಿದಾಗ ಗಂಡ ಬಂಗಾರಪ್ಪ ಕೈಬೀಸಿದ. "ನಂಗೂ ನಿನ್ನೆ ಚಪ್ಲಿ ಎಲ್ಲಿ ಬಿಟ್ಟೆ ಅನ್ನದು ನೆನಪಿರಲಿಲ್ಲ. ವಯಸ್ಸಾತು."

"ಇದು ಚಪ್ಲಿ ಮಾತಲ್ಲ. ನಮ್ಮವ್ವಗ ಹಿಂಗ ಸುರು ಆಗಿತ್ತು."

ಅವಳ ತಾಯಿಯ ಕಥೆ ಹಟ್ಟಿಗೆಲ್ಲ ಗೊತ್ತಿದ್ದದ್ದೇ. ಆ ಮುದುಕಿ ಮೊದಲು ಆಡಿದ ಮಾತು ಮರೆತಳು, ಆಮೇಲೆ ಮಕ್ಕಳ ಹೆಸರು ಮರೆತಳು, ಆಮೇಲೆ ಹಗಲಿಡೀ ಎಲ್ಲೆಲ್ಲೋ ನಡೆಯತೊಡಗಿದಳು. ಗಾಳಿ ಸೋಕಿದೆ ಎಂದರು, ದೇವರ ಕಾಟ ಎಂದರು. ಕೊನೆಗೆ ಬೇವಿನ ಗಿಡಕ್ಕೆ ಕುರಿ ಕಟ್ಟುವ ಹಗ್ಗದಲ್ಲಿ ಕಾಲು ಕಟ್ಟಿದರು. ಅವಳಿಗೆ ಅನ್ನ ತಿನ್ನಿಸುತ್ತಿದ್ದವಳು ಭರಮಮ್ಮ. ತಾಯಿ ಹಗ್ಗ ತೋರಿಸಿ "ಯಾಕವ್ವ ಇದು?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಆದ್ದರಿಂದ ಭರಮಮ್ಮ ಹಟ ಹಿಡಿದಳು. ಮಗ ಮೈಲಾರೇಶ ಕುರಿ ಸಾಗಿಸುವ ಟೆಂಪೊ ಇಟ್ಟುಕೊಂಡಿದ್ದ. ಅವನು ಬೈಯುತ್ತಲೇ ಅವಳನ್ನು ಕೂಡ್ಲಿಗಿ ಆಸ್ಪತ್ರೆಗೆ, ಅಲ್ಲಿಂದ ದಾವಣಗೆರೆಯ ನರರೋಗದ ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರ ಹೆಸರು ಸುಮಲತಾ. ಅವರು ಅವಸರ ಮಾಡಲಿಲ್ಲ. ಮೊದಲು ಥೈರಾಯ್ಡು, ವಿಟಮಿನ್ನು, ಮಿದುಳಿನ ಫೋಟೊ ಎಂದರು. ಒಂದಿಷ್ಟು ಶಬ್ದ ಹೇಳಿ, ಬೇರೆ ಮಾತಾಡಿಸಿ, ಆಮೇಲೆ ಆ ಶಬ್ದ ನೆನಪು ಮಾಡಿಕೊಳ್ಳಿ ಎಂದರು. ಭರಮಮ್ಮನಿಗೆ ಒಂದೇ ಒಂದು ನೆನಪಿಗೆ ಬಂತು. ನಂತರ ರಕ್ತ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಅದರ ಫಲಿತಾಂಶ ಬಂದಾಗ ಅವಳನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು.

"ರಕ್ತದಲ್ಲಿ ಒಂದು ಸುಳಿವು ಸಿಕ್ಕಿದೆ ಭರಮಮ್ಮ. ಆದ್ರೆ ರಕ್ತ ಒಂದನ್ನೇ ನಂಬಿ ನಾನು ಇಂಥ ಕಾಯಿಲೆ ಅಂತ ಹೇಳಲ್ಲ. ಬೆನ್ನಿನ ಎಲುಬಿನ ಸಂದಿಯಿಂದ ಸ್ವಲ್ಪ ನೀರು ತೆಗೀಬೇಕು. ಮಿದುಳಿನ ಸುತ್ತ ಇರೋ ನೀರೇ ಬೆನ್ನಿನವರೆಗೆ ಬಂದಿರುತ್ತೆ."

"ಅದು ಏನು ಹೇಳತೈತ್ರಿ?"

"ಆಲ್‌ಝೈಮರ್ ಅನ್ನೋ ಕಾಯಿಲೇಲಿ ಒಂದು ಪ್ರೋಟೀನು ಮಿದುಳಲ್ಲೇ ಹೆಪ್ಪುಗಟ್ಟಿ ಕೂತ್ಕೊಳ್ಳುತ್ತೆ. ಅಲ್ಲಿ ಕೂತದ್ದು ನೀರಿಗೆ ಇಳಿಯಲ್ಲ, ಹಾಗಾಗಿ ನೀರಲ್ಲಿ ಅದು ಕಡಿಮೆ ಸಿಗುತ್ತೆ. ಟೌ ಅಂತ ಇನ್ನೊಂದು ಇದೆ, ಅದು ಜಾಸ್ತಿ ಸಿಗುತ್ತೆ. ಎರಡನ್ನೂ ಅಳೆದ್ರೆ ಗೊತ್ತಾಗುತ್ತೆ. ಮೊದಲೆಲ್ಲ ಮನುಷ್ಯ ಪೂರ್ತಿ ಮರೆತ ಮೇಲೆ ನಾವು ಹೆಸರಿಡ್ತಿದ್ವಿ. ಈಗ ನೀವು ನನ್ನ ಎದುರು ಕೂತು ಪ್ರಶ್ನೆ ಕೇಳೋ ಹೊತ್ತಿಗೇ ಹೇಳಬಹುದು."

ಭರಮಮ್ಮ ಸೆರಗು ಬಿಗಿದುಕೊಂಡಳು. ಆಮೇಲೆ, "ತೆಗೀರಿ. ಬಂದದ್ದು ನನಗ ಹೇಳ್ರಿ" ಎಂದಳು.

ಮಗ್ಗುಲಾಗಿ ಮಲಗಿಸಿ, ಮೊಣಕಾಲನ್ನು ಎದೆಗೆ ಒತ್ತಿಸಿ, ಸೊಂಟದ ಹತ್ತಿರ ಮರಗಟ್ಟಿಸುವ ಸೂಜಿ ಚುಚ್ಚಿದರು. ಆಮೇಲಿನ ಸೂಜಿಯಿಂದ ನೋವಾಗಲಿಲ್ಲ, ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗಾಯಿತು. ಮುಗಿದ ಮೇಲೆ ಸಣ್ಣ ಸೀಸೆಯನ್ನು ತೋರಿಸಿ ಎಂದು ಕೇಳಿದಳು. ನರ್ಸು ಬೆಳಕಿಗೆ ಹಿಡಿದು ತೋರಿಸಿದಳು. ಬಣ್ಣವಿಲ್ಲ, ಕಲೆಯಿಲ್ಲ. ಇದನ್ನು ಇಷ್ಟು ವರ್ಷ ತಾನು ಹೊತ್ತು ತಿರುಗಿದ್ದು ಗೊತ್ತೇ ಇರಲಿಲ್ಲವಲ್ಲ ಎಂದು ಅವಳಿಗೆ ಬೆರಗಾಯಿತು.

ಊರಿಗೆ ಬಂದ ಮೇಲೆ ತಲೆನೋವು ಹಿಡಿದು ಕೆಲವು ದಿನ ಎದ್ದೇಳಲಾಗಲಿಲ್ಲ. ಫಲಿತಾಂಶ ಬಂದಿದೆ ಎಂದು ಆಸ್ಪತ್ರೆಯಿಂದ ಫೋನು ಬಂದಾಗಲೂ ಅವಳು ಮಲಗಿಯೇ ಇದ್ದಳು. ಮೈಲಾರೇಶ ಒಬ್ಬನೇ ಹೋದ. ಅವತ್ತು ಸುಮಲತಾ ಡಾಕ್ಟರು ರಜೆಯಲ್ಲಿದ್ದರು. ಇನ್ನೊಬ್ಬ ಡಾಕ್ಟರು, ಮಗನೇ ತಾನೆ ಎಂದು, ಅವನನ್ನೇ ಕೂಡಿಸಿ ಎಲ್ಲ ಹೇಳಿ ಕಳಿಸಿದರು.

ಸಂಜೆ ಮೈಲಾರೇಶ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದ. "ಏನಿಲ್ಲವ್ವ. ವಯಸ್ಸಿನ ಮರೆವು ಅಂದ್ರು. ಶಕ್ತಿ ಗುಳಿಗಿ ಕೊಟ್ಟಾರ, ದಿನಾ ಒಂದು ನುಂಗು."

ಭರಮಮ್ಮನಿಗೆ ಜೀವ ಹಗುರವಾಯಿತು. ಮಿರ್ಚಿ ತಿಂದಳು. ಗುಳಿಗೆ ನುಂಗಿದಳು.

ಆದರೆ ಏನೂ ಇಲ್ಲದವಳ ಮನೆಯಲ್ಲಿ ಎಲ್ಲವೂ ಬದಲಾಗತೊಡಗಿತು. ಒಲೆಯ ಹತ್ತಿರ ಹೋದರೆ ಸೊಸೆ ರೇಣುಕಾ ಲೈಟರನ್ನು ಸೀರೆಯ ಮಡಿಲಲ್ಲಿ ಇಟ್ಟುಕೊಂಡು, "ಕುಂತ್ಕೊಳ್ರತ್ತಿ, ನಾ ಮಾಡ್ತೀನಿ" ಎನ್ನುತ್ತಿದ್ದಳು. ಅವಳು ಓಡಿಸುತ್ತಿದ್ದ ಮೊಪೆಡ್ಡಿನ ಕೀಲಿ ಗೋಡೆಯ ಮೊಳೆಯಲ್ಲಿ ಇರುತ್ತಿರಲಿಲ್ಲ. ಗಂಡ, ಮಗ ಹಿತ್ತಲಿನಲ್ಲಿ ಮಾತಾಡುತ್ತಿದ್ದವರು ಅವಳು ಬಂದ ಕೂಡಲೇ ಮಳೆ ಮೋಡದ ಮಾತು ತೆಗೆಯುತ್ತಿದ್ದರು. ಪಕ್ಕದ ಮನೆಯ ಗೀತಮ್ಮ ಬಂದು, ಕಿವಿ ಕೇಳದವರಿಗೆ ಹೇಳುವ ಹಾಗೆ ಒಂದೊಂದೇ ಶಬ್ದ ಬಿಡಿಸಿ, "ಊ-ಟ ಆ-ತೇ-ನವ್ವಾ?" ಎಂದಳು. ಹರಪನಹಳ್ಳಿಗೆ ಕೊಟ್ಟ ಮಗಳು ಸೌಭಾಗ್ಯ ಫೋನಿನಲ್ಲಿ ಸುಮ್ಮಸುಮ್ಮನೆ ಅತ್ತಳು. ನೆಗಡಿ ಎಂದಳು.

ಭರಮಮ್ಮ ಎಲ್ಲವನ್ನೂ ನೋಡಿದಳು. ಅನುಮಾನ ಬಂದರೂ ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಎಂಬ ಅಂಜಿಕೆ ಅವಳಿಗೂ ಇತ್ತು. ಆ ಅಂಜಿಕೆ ಮುರಿದದ್ದು ಸಂತೆಯಲ್ಲಿ. ಮನೆಯಲ್ಲಿ ಬೇಡ ಬೇಡವೆಂದರೂ ಗೀತಮ್ಮನ ಗಂಡನ ಗಾಡಿ ಹತ್ತಿ ಅವಳು ಕೂಡ್ಲಿಗಿಗೆ ಹೋಗಿದ್ದಳು. ಹುಲುಗಣ್ಣ ಒಂದು ಕರಿ ಟಗರನ್ನು ನೋಡುತ್ತಿದ್ದ. ಅವಳು ಹತ್ತಿರ ಹೋಗಿ ದವಡೆಗೆ ಕೈ ಹಾಕಿದಳು. ಹುಲುಗಣ್ಣ ನಯವಾಗಿ ಅವಳ ಕೈ ಸರಿಸಿದ.

"ಯಕ್ಕಾ, ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ಮ್ಯಾಲೆ ನಾನು ಮೈಲಾರೇಶನ ಕೂಡ ಮಾತಾಡ್ತೀನಿ. ಅವನೇ ಹೇಳ್ಯಾನ."

"ಏನಂತ ಹೇಳ್ಯಾನ?"

ಹುಲುಗಣ್ಣ ಅತ್ತಿತ್ತ ನೋಡಿದ. "ನಿಮ್ಮ ತಲಿ ಕಾಯಿಲಿ... ಬೆನ್ನಿನ ನೀರಿನಾಗ ಬಂದೈತಂತಲ್ಲ."

ಅವಳಿಗೆ ಸಂತೆಯ ಗದ್ದಲವೆಲ್ಲ ದೂರ ಹೋದ ಹಾಗಾಯಿತು. ರೋಗದ ಹೆಸರು ಕೇಳಿದ್ದಕ್ಕಿಂತ, ತನ್ನ ರೋಗವನ್ನು ಕುರಿ ಕೊಯ್ಯುವವನ ಬಾಯಿಂದ ಕೇಳಬೇಕಾಯಿತಲ್ಲ ಎಂಬುದು ಉರಿಯಿತು. ಗೀತಮ್ಮನಿಗೆ ಗೊತ್ತು, ಹುಲುಗಣ್ಣನಿಗೆ ಗೊತ್ತು, ದಾವಣಗೆರೆಯ ಯಾವುದೋ ಡಾಕ್ಟರಿಗೆ ಗೊತ್ತು. ಚುಚ್ಚಿಸಿಕೊಂಡು ಮಲಗಿದವಳಿಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಮಗ ಟೆಂಪೊ ತೆಗೆದುಕೊಂಡು ಹೋದ ಮೇಲೆ, ಗಂಡ ಕುರಿ ಬಿಟ್ಟುಕೊಂಡು ಗುಡ್ಡದ ಕಡೆ ಹೋದ ಮೇಲೆ, ಭರಮಮ್ಮ ಒಳ್ಳೆಯ ಸೀರೆ ಉಟ್ಟು ರಸ್ತೆಗೆ ಬಂದು ನಿಂತಳು. ಕೊಟ್ಟೂರಿನವರೆಗೆ ಚಿಂತೆಯಾಗಲಿಲ್ಲ. ಅಲ್ಲಿಂದ ಹರಪನಹಳ್ಳಿಗೂ ಕಂಡಕ್ಟರನ್ನು ಕೇಳಿ ಹತ್ತಿದಳು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಚಾ ಕುಡಿದು ತಿರುಗಿ ನೋಡಿದಾಗ ಎಲ್ಲ ಕಲಸಿಹೋಯಿತು. ತಾನು ಇಳಿದ ಬಸ್ಸು ಯಾವುದು, ಹೋಗಬೇಕಾದದ್ದು ಎಲ್ಲಿಗೆ, ಮಗಳ ಮನೆಗೆ ಬಂದೆನೋ ಬೇರೆ ಕಡೆ ಹೊರಟೆನೋ. ಬಸ್ಸುಗಳ ಬೋರ್ಡಿನ ಅಕ್ಷರ ಓದಲು ಅವಳಿಗೆ ಮೊದಲಿನಿಂದಲೂ ಬಾರದು. ತಾಯಿ ಹೀಗೇ ನಿಂತಿದ್ದಳೇ, ಊರಾಚೆಯ ಹೊಲಗಳಲ್ಲಿ, ಹೀಗೇ ಎಲ್ಲ ದಿಕ್ಕನ್ನೂ ನೋಡುತ್ತ?

ಮಗಳ ಮನೆ ಇದೇ ಊರಿನಲ್ಲಿದೆ, ಯಾರನ್ನಾದರೂ ಕೇಳಿದರೆ ಕರೆದೊಯ್ಯುತ್ತಾರೆ ಎಂಬುದು ಹೊಳೆಯಿತು. ಹೋದರೆ ಅಲ್ಲಿಂದ ಫೋನು ಹೋಗುತ್ತದೆ, ಮೈಲಾರೇಶ ಬರುತ್ತಾನೆ, ಮತ್ತೆ ಮನೆಗೆ ಹೊತ್ತು ಹಾಕುತ್ತಾನೆ. ಅವಳು ಮೂಗಿನ ಬೆವರು ಒರೆಸಿಕೊಂಡು, ಕಂಬಕ್ಕೆ ಒರಗಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ಹುಡುಕಿದಳು. ಸೀರೆ ಉಟ್ಟದ್ದು ಯಾಕೆ? ಸಿಟ್ಟು ಬಂದದ್ದು ಯಾರ ಮೇಲೆ? ಸಿಟ್ಟಿನ ಜೊತೆಗೇ ಸುಮಲತಾ ಡಾಕ್ಟರ ಮುಖ ಬಂತು. ಹತ್ತಿರ ಕಾಲೇಜಿನ ಒಬ್ಬ ಹುಡುಗಿ ನಿಂತಿದ್ದಳು.

"ಯವ್ವಾ, ನಂಗ ಮರೆವಿನ ಕಾಯಿಲಿ ಐತಿ. ದಾವಣಗೆರಿ ಬಸ್ಸು ಯಾವ್ದು ತೋರ್ಸು."

ಯಾರೂ ಇನ್ನೂ ಅಧಿಕೃತವಾಗಿ ಹೇಳದ ಮಾತನ್ನು ತಾನೇ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಆಕಾಶ ಬೀಳಲಿಲ್ಲ. ಹುಡುಗಿ, "ಬನ್ನಿ ಆಂಟಿ, ನಾನೂ ಅದಕ್ಕೇ ಹೋಗ್ತಿರೋದು" ಎಂದು ಕಿಟಕಿಯ ಹತ್ತಿರ ಕೂಡಿಸಿದಳು. ದಾವಣಗೆರೆಯಲ್ಲಿ ಆಟೋ ಹತ್ತಿಸಿ, ಆಸ್ಪತ್ರೆಯ ಹೆಸರನ್ನು ಡ್ರೈವರಿಗೆ ಎರಡು ಸಲ ಹೇಳಿ ಹೋದಳು.

ಅವಳು ಒಬ್ಬಳೇ ಬಂದದ್ದು ಕಂಡು ಸುಮಲತಾ ಹುಬ್ಬೇರಿಸಿದರು. "ಮಗ ಬಂದಿಲ್ವಾ?"

"ಇಲ್ರಿ. ನನ್ನ ಬೆನ್ನಿಗೆ ಚುಚ್ಚಿದಾಗ ಅವನ ಬೆನ್ನು ಕೇಳಿರಲಿಲ್ಲಲ್ರಿ ನೀವು. ರಕ್ತ ನಂದು, ಬೆನ್ನಿನ ನೀರು ನಂದು. ಅದರ ಮಾತು ಊರಿಗೆಲ್ಲ ಹೋಗೈತಿ, ನಂಗ ಮಾತ್ರ ಬಂದಿಲ್ಲ. ಹೇಳ್ರಿ ಅಂತ ಕೇಳಾಕ ಬಂದೀನಿ."

ಡಾಕ್ಟರ ಮುಖ ಕೆಂಪಾಯಿತು. ಕಂಪ್ಯೂಟರಿನಲ್ಲಿ ನೋಡಿದರು. ಮೆಲ್ಲಗೆ ಕುರ್ಚಿಯನ್ನು ಮೇಜಿನ ಈಚೆಗೆ ತಂದು ಅವಳ ಎದುರು ಕೂತರು.

"ತಪ್ಪು ನಮ್ಮ ಕಡೆಯಿಂದ ಆಗಿದೆ. ನಿಮಗೇ ಹೇಳಬೇಕಿತ್ತು. ಈಗ ಹೇಳ್ತೀನಿ. ಆಲ್‌ಝೈಮರ್ ಕಾಯಿಲೆ ಇದೆ, ಶುರುವಿನ ಹಂತ. ರಕ್ತ, ಬೆನ್ನಿನ ನೀರು ಎರಡೂ ಒಂದೇ ಮಾತು ಹೇಳಿವೆ."

"ವಾಸಿ ಆಕ್ಕೈತೇನ್ರಿ?"

"ಇಲ್ಲ."

"ಎಷ್ಟು ದಿನ?"

"ಗೊತ್ತಿಲ್ಲ. ಕೆಲವರಿಗೆ ಬೇಗ, ಕೆಲವರಿಗೆ ಬಹಳ ವರ್ಷ ನಿಧಾನ. ಹೊಸ ಔಷಧಿ ಬಂದಿವೆ, ಓಟವನ್ನ ಸ್ವಲ್ಪ ನಿಧಾನ ಮಾಡ್ತವೆ, ನಿಲ್ಲಿಸಲ್ಲ. ಎಲ್ಲರಿಗೂ ಆಗಿ ಬರಲ್ಲ, ಅಪಾಯವೂ ಇದೆ. ನಿಮಗೆ ಆಗುತ್ತಾ ಅನ್ನೋದನ್ನ ನೋಡೋಣ. ಈಗ ಕೊಟ್ಟಿರೋ ಗುಳಿಗೆ ಸ್ವಲ್ಪ ಆಸರೆ, ಅಷ್ಟೇ."

ಅದು ಶಕ್ತಿ ಗುಳಿಗೆಯಲ್ಲ ಎಂಬುದು ಆಗ ಗೊತ್ತಾಯಿತು. ಭರಮಮ್ಮ ಅತ್ತಳು. ಅಳುವಾಗ ಡಾಕ್ಟರು ಏನೂ ಹೇಳದೆ ಕೂತಿದ್ದರು, ಅದು ಅವಳಿಗೆ ಹಿಡಿಸಿತು. ಅತ್ತು ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು.

"ಇವತ್ತು ನಾ ಆಡೋ ಮಾತು ಚಲಾವಣಿ ಐತೋ, ಇಲ್ಲೋ?"

"ಅಂದ್ರೆ?"

"ಹಿಂಗ ಮಾಡ್ರಿ, ಹಂಗ ಮಾಡಬ್ಯಾಡ್ರಿ ಅಂತ ನಾ ಅಂದ್ರ, ಅದು ಬುದ್ಧಿ ಇದ್ದೋರ ಮಾತೋ, ಕೆಟ್ಟೋರ ಮಾತೋ?"

"ಇವತ್ತು ನಿಮ್ಮ ತೀರ್ಮಾನ ಪೂರ್ತಿ ನಿಮ್ಮದೇ. ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ. ಬೇಗ ಗೊತ್ತಾಗೋದರಿಂದ ಆಗೋ ದೊಡ್ಡ ಉಪಯೋಗವೇ ಅದು ಭರಮಮ್ಮ. ನಿಮ್ಮ ಮಾತು ನೀವೇ ಹೇಳೋಕೆ ಟೈಮು ಸಿಗುತ್ತೆ."

"ಅಷ್ಟು ಸಾಕು ಬಿಡ್ರಿ" ಎಂದು ಅವಳು ಎದ್ದಳು. ಮಕ್ಕಳಿಗೂ ಬರುತ್ತದೆಯೇ ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಬರಲೇಬೇಕೆಂದಿಲ್ಲ, ಯಾವ ತೊಂದರೆಯೂ ಇಲ್ಲದವರಿಗೆ ಈ ಪರೀಕ್ಷೆ ಮಾಡುವುದೂ ಇಲ್ಲ ಎಂದರು ಡಾಕ್ಟರು. ಅವಳು ಬೇಡವೆಂದರೂ ನರ್ಸನ್ನು ಜೊತೆಗೆ ಕಳಿಸಿ ಬಸ್ಸು ಹತ್ತಿಸಿದರು.

ಅವಳು ಊರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಮನೆಯ ಮುಂದೆ ಜನ ನೆರೆದಿದ್ದರು. ಮೈಲಾರೇಶ ಉಜ್ಜಿನಿ ರಸ್ತೆಯವರೆಗೆ ಟೆಂಪೊ ಓಡಿಸಿ ಹುಡುಕಿ ಬಂದಿದ್ದ, ಬಾವಿಗಳನ್ನೂ ಇಣುಕಿ ನೋಡಿದ್ದ. ಅವಳನ್ನು ಕಂಡವನೇ ಓಡಿ ಬಂದು ತೋಳು ಹಿಡಿದ.

"ಯವ್ವಾ! ಎಲ್ಲಿ ಹೋಗಿದ್ದಿ? ದಾರಿ ತಪ್ಪಿತ್ತೇನು?"

"ದಾರಿ ತಪ್ಪಿಲ್ಲ. ದಾವಣಗೆರಿಗೆ ಹೋಗಿದ್ದೆ. ಫಲಿತಾಂಶ ಕೇಳ್ಕೊಂಡು ಬಂದೆ."

ಮೈಲಾರೇಶನ ಕೈ ತಾನಾಗಿ ಸಡಿಲವಾಯಿತು. ಬಂಗಾರಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ.

"ಎಲ್ರೂ ಒಳಗ ನಡೀರಿ, ಒಳಗ ಮಾತಾಡೋಣ" ಎಂದ ಮಗ.

"ಯಾಕ ಒಳಗ? ಇಲ್ಲಿ ಇರೋರಿಗೆಲ್ಲ ಗೊತ್ತೈತಿ. ಗೊತ್ತಿಲ್ಲದಾಕಿ ನಾನೊಬ್ಬಾಕೇ ಇದ್ದೆ."

"ನಿನ್ನ ಒಳ್ಳೇದಕ್ಕ ಮುಚ್ಚಿಟ್ಟೆ ಯವ್ವಾ. ಕೇಳಿ ಎದಿ ಒಡ್ಕೊಂಡಿದ್ರ?"

"ಒಡ್ಕೊಂತಿದ್ದೆ. ಅದೂ ನನ್ನ ಎದಿ. ಹುಲುಗಣ್ಣಗ ಹೇಳಿದ್ಯಲ್ಲ, ಅವನ ಎದಿ ಏನಾತು?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಮೈಲಾರೇಶ ತಲೆ ತಗ್ಗಿಸಿದ. ಸಂತೆಯಲ್ಲಿ ಜಗಳವಾಗಿ ಅವ್ವನ ಮಾನ ಹೋಗಬಾರದೆಂದು ಹೇಳಿದ್ದು ಎಂದು ಗೊಣಗಿದ. ಆಗ ಬಂಗಾರಪ್ಪ ಕೂತಲ್ಲಿಂದಲೇ ಹೇಳಿದ.

"ಅವನ್ನ ಬೈಬ್ಯಾಡ. ಮುಚ್ಚಿಡು ಅಂದಾವ ನಾನು. ನಿಮ್ಮವ್ವನ್ನ ನೋಡೀನಿ. ನೀನೂ ಹಂಗ ಆಗ್ತಿ ಅಂತ ನಿಂಗ ಹೆಂಗ ಹೇಳಲಿ? ನನ್ನ ಬಾಯಿಲೆ ಬರಲಿಲ್ಲ."

ಅವಳಿಗೆ ಗಂಡನ ಮೇಲೆ ಮರುಕ ಬಂತು. ಬಂದರೂ ಅವಳು ಬಿಡಲಿಲ್ಲ.

"ನೀನು ನೋಡೀಯ, ನಾನು ಅನ್ನ ತಿನ್ಸೀನಿ. ಆಕಿಗೆ ಏನಾಗೈತಿ ಅಂತ ಆಕಿಗೆ ಯಾರೂ ಹೇಳಲಿಲ್ಲ. ಏನು ಮಾಡೋಣ ಅಂತ ಆಕಿನ್ನ ಯಾರೂ ಕೇಳಲಿಲ್ಲ. ಸುಮ್ಮನ ಕಟ್ಟಿದ್ರು. ಆಗ ಯಾರಿಗೂ ತಿಳೀತಿರಲಿಲ್ಲ, ಹೋಗ್ಲಿ. ಈಗ ನೀರು ತೆಗ್ದು ಮೊದಲ ಹೇಳ್ತಾರ. ಅದನ್ನ ತಂದು ನೀವು ಮುಚ್ಚಿಟ್ರ, ನಂಗೂ ಆಕಿಗೂ ಏನು ಫರಕು?"

ಅವಳು ಗಂಡ, ಮಗ ಇಬ್ಬರ ಕಡೆಗೂ ತಿರುಗಿ ಮುಂದುವರಿಸಿದಳು.

"ಇವತ್ತಿಗೆ ನನ್ನ ಬುದ್ಧಿ ನನ್ನ ಹತ್ರ ಐತಿ. ಇರೋತನಕ ಸಂತಿಗೆ ನಾ ಹೋಗ್ತೀನಿ, ಒಲಿ ನಾ ಹಚ್ತೀನಿ. ಬಿಡಬೇಕಾದ್ದನ್ನ ನಾನಾಗೇ ಬಿಡ್ತೀನಿ, ಕಿತ್ಕೋಬ್ಯಾಡ್ರಿ. ಬುದ್ಧಿ ಹೋದ ಮ್ಯಾಲೂ ನಡೀಬೇಕಾದ ಮಾತು ಒಂದೈತಿ. ನನ್ನ ಕಟ್ಟಬಾರದು. ಮನಿ ಸುತ್ತ ಬೇಲಿ ಹಾಕ್ರಿ, ಬಾಗ್ಲಿಗೆ ಚಿಲಕ ಹಾಕ್ರಿ, ಬೇಕಾದ್ರ ಕೊಳ್ಳಾಗ ಕುರಿ ಗಂಟಿ ಕಟ್ರಿ, ಸಪ್ಪಳ ಕೇಳಿ ಹುಡುಕ್ರಿ. ಕಾಲಿಗೆ ಹಗ್ಗ ಮಾತ್ರ ಮುಟ್ಟಸಬಾರದು. ಬೀರಪ್ಪನ ಮ್ಯಾಲೆ ಆಣಿ ಮಾಡ್ರಿ, ಇಬ್ಬರೂ."

ಬಂಗಾರಪ್ಪ ಎದ್ದು ಬೀರಪ್ಪನ ಗುಡಿಯ ದಿಕ್ಕಿಗೆ ಕೈ ಎತ್ತಿದ. ಮೈಲಾರೇಶ ತಡ ಮಾಡಿದ. ಅವನಿಗೆ ಸಿಟ್ಟೂ ಇತ್ತು, ನಾಚಿಕೆಯೂ ಇತ್ತು. "ನಾನೇನು ನಿನ್ನ ಕಟ್ಟಾವನಾ?" ಎಂದು ಕೂಗಿ ಒಳಗೆ ಹೋಗಿಬಿಟ್ಟ. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಅವಳ ಮುಖ ನೋಡದೆ, ಆಣೆ ಮಾಡಿದ. ಜೊತೆಗೆ ಮೊಪೆಡ್ಡಿನ ಕೀಲಿಯನ್ನು ಅವಳ ಕೈಗೆ ಹಾಕಿದ.

ಮುಂದಿನ ಸಂತೆಗೆ ಅವಳು ರೇಣುಕಾಳನ್ನು ಕರೆದಳು. ಸೊಸೆ ಗಾಬರಿಯಾದಳು. "ನನಗ ಕುರಿ ಹಲ್ಲು ನೋಡಾಕೂ ಬರಂಗಿಲ್ರತ್ತಿ."

"ಹಲ್ಲು ನಾ ನೋಡ್ತೀನಿ. ಆಡಿದ ಮಾತು ನೀ ನೆನಪಿಟ್ಕೋ. ಲೈಟರ್ ಮುಚ್ಚಿಡಾಕ ಬರತೈತಿ, ಮಾತು ಇಟ್ಕೊಳ್ಳಾಕ ಬರಂಗಿಲ್ಲೇನು?"

ರೇಣುಕಾ ನಾಚಿ ನಕ್ಕಳು. ಹೋದಳು. ಕುರಿ ಬಯಲಿನ ನಟ್ಟನಡುವೆ ನಿಂತು ಭರಮಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಕೇಳ್ರಪ್ಪಾ. ನಂಗ ಮರೆವಿನ ಕಾಯಿಲಿ ಸುರು ಆಗೈತಿ. ಗುಸುಗುಸು ಅನ್ನಬ್ಯಾಡ್ರಿ, ನಾನೇ ಹೇಳಾಕತ್ತೀನಿ. ಇವತ್ತಿಂದ ವ್ಯವಹಾರ ಎರಡು ಬಾಯಿ ಮುಂದ. ನಾ ಹೇಳಿದ್ದನ್ನ ನನ್ನ ಸೊಸಿ ಮತ್ತೊಮ್ಮೆ ಹೇಳ್ತಾಳ, ನೀವು ಹೂಂ ಅನ್ನಬೇಕು. ಬ್ಯಾಡ ಅನ್ನೋರು ಬ್ಯಾರೆ ದಲ್ಲಾಳಿನ್ನ ನೋಡ್ಕೊಳ್ರಿ."

ಹುಲುಗಣ್ಣ ಬೇರೆ ಕಡೆ ಹೋದ. ಅವನ ಹಿಂದೆ ಇನ್ನಷ್ಟು ಜನ ಹೋದರು. ಹಗರಿಬೊಮ್ಮನಹಳ್ಳಿಯ ಒಬ್ಬ ಮುದುಕ ಮಾತ್ರ ತನ್ನ ಮರಿಗಳನ್ನು ಅವಳ ಮುಂದೆ ತಂದು ನಿಲ್ಲಿಸಿ, "ನೋಡವ್ವ, ಏನು ಬರ್ತಾವು" ಎಂದ.

ಎಲ್ಲವೂ ಸರಿಹೋಯಿತು ಎಂದೇನಲ್ಲ. ಎರಡನೆಯ ಸಂತೆಯಲ್ಲೇ ರೇಣುಕಾ ನೀರು ಕುಡಿಯಲು ಹೋದಾಗ ಭರಮಮ್ಮ ಒಂದೇ ಟಗರನ್ನು ಇಬ್ಬರಿಗೆ ಒಪ್ಪಿಸಿದಳು. ಬೈದಾಟವಾಯಿತು. ದೂರದಿಂದ ಹುಲುಗಣ್ಣ, "ನಾ ಹೇಳಲಿಲ್ಲೇನು?" ಎಂದು ಕೂಗಿದ. ಭರಮಮ್ಮನ ಮುಖಕ್ಕೆ ರಕ್ತವೇರಿತು. ಓಡಿ ಹೋಗಿಬಿಡಬೇಕು ಎನಿಸಿತು. ಓಡಲಿಲ್ಲ. "ತಪ್ಪು ನಂದು" ಎಂದು ಗಟ್ಟಿಯಾಗಿ ಹೇಳಿ, ಮೊದಲು ಕೇಳಿದವನಿಗೆ ಟಗರು ಕೊಡಿಸಿ, ತನ್ನ ದಲ್ಲಾಳಿ ಹಣ ಬಿಟ್ಟುಕೊಟ್ಟಳು. ಆಮೇಲೆ ರೇಣುಕಾ ಪಕ್ಕದಲ್ಲಿ ಇಲ್ಲದಾಗ ಬಾಯಿ ಬಿಡುತ್ತಿರಲಿಲ್ಲ. ರೇಣುಕಾಳ ದನಿ ಸಂತೆಯಿಂದ ಸಂತೆಗೆ ಗಟ್ಟಿಯಾಯಿತು.

ಮೊಪೆಡ್ಡನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಬಿಟ್ಟಳು. ಹೈವೇ ದಾಟುವಾಗ ಬ್ರೇಕು ಯಾವ ಕೈಯಲ್ಲಿದೆ ಎಂಬುದು ಒಂದು ಕ್ಷಣ ಹೊಳೆಯದೆ, ಲಾರಿ ಕೂಗುತ್ತ ಪಕ್ಕದಲ್ಲೇ ಹೋಗಿತ್ತು. ಮನೆಗೆ ತಳ್ಳಿಕೊಂಡೇ ಬಂದು ಕೀಲಿಯನ್ನು ಬಂಗಾರಪ್ಪನ ಕೈಗೆ ಕೊಟ್ಟಳು. ಅವನು ಏನೋ ಸಮಾಧಾನ ಹೇಳಹೋದ. "ಏನೂ ಹೇಳಬ್ಯಾಡ. ನಾನೇ ಕೊಟ್ಟದ್ದು" ಎಂದು ಒಳಗೆ ಹೋಗಿ, ಯಾರಿಗೂ ಕಾಣದ ಹಾಗೆ ಅತ್ತಳು. ಅಷ್ಟರೊಳಗೆ ಸುಮಲತಾ ಡಾಕ್ಟರು ಹೊಸ ಔಷಧಿಗೆ ಎಲ್ಲ ಪರೀಕ್ಷೆ ಮಾಡಿ ನೋಡಿ, ಅವಳ ಮಿದುಳಿನಲ್ಲಿ ರಕ್ತ ಜಿನುಗಿದ ಹಳೆಯ ಗುರುತುಗಳಿವೆ, ಅಪಾಯ, ಬೇಡ ಎಂದಿದ್ದರು. ಅದನ್ನೂ ಅವಳಿಗೇ ಹೇಳಿದ್ದರು. ಈಗ ಅವರು ಯಾರ ರಕ್ತ ತೆಗೆಯುವ ಮೊದಲೂ, "ಬಂದದ್ದನ್ನ ಯಾರಿಗೆ ಹೇಳಲಿ?" ಎಂದು ಕೇಳಿಯೇ ತೆಗೆಯುತ್ತಿದ್ದರು.

ದೀಪಾವಳಿಗೆ ಸೌಭಾಗ್ಯ ಬಂದಳು. ಕುರಿಮರಿಗೆ ಹಾಲು ಕುಡಿಸುತ್ತ ಕೂತಿದ್ದ ತಾಯಿಯ ಪಕ್ಕದಲ್ಲಿ ಕೂತು, ಕೇಳಿದಳು. "ಯವ್ವಾ, ನನ್ನ ಗಂಡ ಅಂತಾನ, ನೀನೂ ರಕ್ತ ತೋರ್ಸು ಅಂತ. ನಂಗ ಬ್ಯಾಡ ಅನ್ನಸ್ತೈತಿ. ಗೊತ್ತಾದ್ರ ನಾನು ಬದುಕಂಗಿಲ್ಲ. ನೀನಾದ್ರ ಗಟ್ಟಿ."

ಭರಮಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಗೊತ್ತು ಮಾಡಿಕೊಳ್ಳುವುದಕ್ಕಾಗಿ ತಾನು ಊರನ್ನೇ ಎದುರು ಹಾಕಿಕೊಂಡವಳು, ಮಗಳು ಗೊತ್ತಾಗುವುದು ಬೇಡ ಎನ್ನುತ್ತಿದ್ದಾಳೆ. ಅವಳು ಮರಿಯ ಬಾಯಿಯಿಂದ ಬಾಟಲಿ ತೆಗೆದು ಕೆಳಗಿಟ್ಟಳು.

"ನಿಂಗ ಏನರ ಮರೆವು ಐತೇನು?"

"ಇಲ್ಲ."

"ಹಂಗಿದ್ರ ಡಾಕ್ಟ್ರೇ ಬ್ಯಾಡ ಅಂದಾರ. ಮುಂದ ಯಾವತ್ತರ ಬೇಕು ಅನಿಸಿದ್ರ ಹೋಗು, ಬ್ಯಾಡ ಅನಿಸಿದ್ರ ಬಿಡು. ನಿನ್ನ ರಕ್ತ ನಿಂದು. ಗಂಡ ಕೇಳಿದ್ರ ನನ್ನ ಹತ್ರ ಕಳ್ಸು, ನಾ ಮಾತಾಡ್ತೀನಿ ಅವನ ಕೂಡ."

ಸೌಭಾಗ್ಯ ತಾಯಿಯ ಹೆಗಲಿಗೆ ಹಣೆ ಒತ್ತಿದಳು. "ನಿನ್ನ ಹತ್ರ ಬರಾಕ ಅಂವ ಹೆದರ್ತಾನ" ಎಂದಳು. ಇಬ್ಬರೂ ನಕ್ಕರು.

ಚಳಿಗಾಲದ ಒಂದು ಸಂತೆ. ವ್ಯಾಪಾರ ಮೊದಲಿನಷ್ಟಿರಲಿಲ್ಲ. ಕೆಲವರು ಮರಳಿ ಬಂದಿದ್ದರು, ಹುಲುಗಣ್ಣ ಬಂದಿರಲಿಲ್ಲ. ಭರಮಮ್ಮ ಆಗಾಗ ರೇಣುಕಾಳ ಹೆಸರಿಗೆ ತಡಕಾಡಿ, "ಏ ಸೊಸಿ" ಎಂದು ಕೂಗುತ್ತಿದ್ದಳು. ಮಧ್ಯಾಹ್ನ, ಕುರಿ ಕೊಳ್ಳಲು ಬಂದವಳಂತೆ ಕಾಣದ ಒಬ್ಬ ಹೆಂಗಸು ಹತ್ತಿರ ಬಂದಳು. ಹಡಗಲಿ ಕಡೆಯ ಹಳ್ಳಿ ಎಂದಳು. ಭರಮಮ್ಮ ಸಂತೆಯಲ್ಲಿ ಕೂಗಿ ಹೇಳಿದ್ದು ಅವರ ಊರಿನವರೆಗೂ ಹೋಗಿತ್ತಂತೆ.

"ನಮ್ಮತ್ತಿಗೂ ಹಂಗ ಆಗಾಕತ್ತೈತ್ರಿ. ಹೇಳಿದ್ದ ಹೇಳ್ತಾಳ, ಪಾತ್ರಿ ಎಲ್ಲೆಲ್ಲೋ ಇಡ್ತಾಳ. ನೀವು ಎಲ್ಲಿ ತೋರ್ಸಿದ್ರಿ? ಬೆನ್ನಿಗೆ ಚುಚ್ಚಿದ್ರ ಏನಾಕ್ಕೈತಿ?" ಎಂದು ದನಿ ತಗ್ಗಿಸಿದಳು. "ಅತ್ತಿಗೆ ಗೊತ್ತಾಗಬಾರದ್ರಿ. ಪಾಪ, ಹೆದರ್ತಾಳ."

"ನಿಮ್ಮತ್ತಿ ಎಲ್ಲಿ ಅದಾಳ?"

"ಅಲ್ಲಿ ಬೇವಿನ ಗಿಡದ ಕೆಳಗ ಕುಂತಾಳ್ರಿ. ಮನ್ಯಾಗ ಒಬ್ಬಾಕಿನ್ನ ಬಿಡಾಕಾಗಂಗಿಲ್ಲ ಅಂತ ಕರ್ಕೊಂಡು ಬಂದೆ."

ಭರಮಮ್ಮ ತಲೆಯ ಟವೆಲು ಬಿಚ್ಚಿ, ಕೊಡವಿ, ಮತ್ತೆ ಬಿಗಿಯಾಗಿ ಸುತ್ತಿಕೊಂಡಳು.

"ಕರ್ಕೊಂಡು ಬಾ ಇಲ್ಲಿಗೆ. ನಿನ್ನ ಕೂಡ ಆಮ್ಯಾಲೆ ಮಾತಾಡ್ತೀನಿ. ಮೊದಲು ಆಕಿ ಕೂಡ."

ಹೆಂಗಸು ಹಿಂದೆ ಮುಂದೆ ನೋಡುತ್ತ ನಿಂತಳು. ಭರಮಮ್ಮ ಅವಳಿಗಾಗಿ ಕಾಯಲಿಲ್ಲ. ರೇಣುಕಾಳ ಕೈಗೆ ಟಗರಿನ ಹಗ್ಗ ಕೊಟ್ಟು, ಕುರಿಗಳ ನಡುವೆ ದಾರಿ ಮಾಡಿಕೊಂಡು, ಗಿಡದ ಕಡೆಗೆ ತಾನೇ ಹೊರಟಳು.